ಆಕಾಶದಲ್ಲಿ ಬಾಯಿ ಬಿಡು, ತಂಗಿ

ಕಳೆದ ಭಾನುವಾರ ನೀನು ಮನೆಗೆ ಬಂದು, ನಡುಮನೆಯ ಚಾಪೆಯ ಮೇಲೆ ನಕಾಶೆ ಹರಡಿ, ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹುಬ್ಬಳ್ಳಿಗೆ ಎಳೆದ ಪೆನ್ಸಿಲ್ ಗೆರೆ ತೋರಿಸಿದೆ. ಗೆರೆ ನಮ್ಮ ಸಂಗೊಳ್ಳಿಯ ಮಗ್ಗುಲಲ್ಲೇ ಹಾದುಹೋಗಿತ್ತು. "ಕಾಕಾ, ಮುಂದಿನ ವಾರ ಒಬ್ಬಾಕೀನ ಹೋಗೂದೈತಿ" ಅಂದೆ. ಗಾಳಿಗೆ ಹೆದರಿಕೆಯಿಲ್ಲ, ವಿಮಾನ ಇಳಿಸುವುದಕ್ಕೂ ಹೆದರಿಕೆಯಿಲ್ಲ, "ರೇಡಿಯೋದಾಗ ಮಾತಾಡೂದು ಅಂದ್ರ ಎದಿ ಹೊಡಕೋತೈತಿ" ಅಂದೆ. ಅಷ್ಟರಲ್ಲಿ ಚಹಾ ಬಂತು, ಓಣಿಯ ಮಂದಿ ಬಂದರು, ಮಾತು ಅಲ್ಲಿಗೇ ನಿಂತಿತು. ಕೆಲಸದಲ್ಲಿದ್ದಷ್ಟು ವರ್ಷವೂ ಟವರಿನಲ್ಲಿ ಕೂತು ನಿನ್ನಂಥವರ ದನಿ ಕೇಳಿದವನು ನಾನು. ಆ ಮಾತು ಪೂರ್ತಿ ಮಾಡದೆ ನಿನ್ನನ್ನು ಮೇಲಕ್ಕೆ ಕಳಿಸಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ಕಡೆ ಮಕ್ಕಳಿಗೆ ಮೊದಲು ಕಲಿಸುವುದೇ ಸುಮ್ಮನಿರುವುದನ್ನು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಹಿರಿಯರು ಏನಾದರೂ ಹೇಳಿದರೆ ತಿಳಿಯಲಿ ಬಿಡಲಿ "ಹೂಂ" ಅನ್ನಬೇಕು. ಮನೆಯಲ್ಲಿ ಇದು ಮರ್ಯಾದೆ ಇರಬಹುದು. ಎರಡು ಸಾವಿರ ಅಡಿ ಎತ್ತರದಲ್ಲಿ ಒಬ್ಬಳೇ ಕೂತಾಗ ಇದೇ ಗುಣ ನಿನ್ನನ್ನು ಅಪಾಯಕ್ಕೆ ಒಯ್ಯುತ್ತದೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಬೇರೆ ರಾಜ್ಯದ ಒಂದು ಚಿಕ್ಕ ನಿಲ್ದಾಣದಲ್ಲಿ ನಾನಿದ್ದೆ, ರಾಡಾರ್ ಇರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಧೂಳಿನ ಮಬ್ಬು. ಒಬ್ಬನೇ ಬರುತ್ತಿದ್ದ ವಿದ್ಯಾರ್ಥಿ ಹೇಳಿದ ಹೊತ್ತಿಗೆ ಕರೆಯಲಿಲ್ಲ. ನಾನೇ ಎರಡು ಸಲ ಕರೆದೆ. ಉತ್ತರ ಬಂತು, "ಸ್ಟ್ಯಾಂಡ್‌ಬೈ" ಅಷ್ಟೇ. ಮತ್ತೆ ಮೌನ. ಬಹಳ ಹೊತ್ತಿನ ಮೇಲೆ ತೆಳ್ಳಗಿನ ದನಿಯಲ್ಲಿ ದಾರಿ ತಪ್ಪಿದ್ದೇನೆ ಅಂದ. ಮೊದಲು ಇಂಧನ ಎಷ್ಟಿದೆ ಕೇಳಿದೆ, ಆಮೇಲೆ ಎತ್ತರ, ಆಮೇಲೆ ಕೆಳಗೆ ಏನು ಕಾಣುತ್ತಿದೆ ಅಂತ. ಹೊಳೆ, ರೈಲು ಸೇತುವೆ, ಪಕ್ಕದಲ್ಲಿ ಚಿಮಣಿ ಇರುವ ದೊಡ್ಡ ಕಾರ್ಖಾನೆ ಅಂದ. ನಮ್ಮ ಜೊತೆಗಿದ್ದ ಹವಾಮಾನ ಕಚೇರಿಯ ಸ್ಥಳೀಯರೊಬ್ಬರು, ಮೂರೂ ಕೂಡಿರುವುದು ಒಂದೇ ಊರು ಎಂದು ಹೆಸರು ಹೇಳಿದರು. ದಿಕ್ಕು ಕೊಟ್ಟೆ, ಬಂದು ಇಳಿದ. ಇಪ್ಪತ್ತು ನಿಮಿಷ ಒಬ್ಬನೇ ಸುತ್ತಿದ್ದನಂತೆ. ಅವನ ವಿಮಾನ ಸೆಸ್ನಾ 172, ಗಂಟೆಗೆ ಸುಮಾರು 35 ಲೀಟರ್ ಇಂಧನ ಕುಡಿಯುತ್ತದೆ. ಇಪ್ಪತ್ತು ನಿಮಿಷದ ನಾಚಿಕೆಗೆ ಹತ್ತು ಹನ್ನೆರಡು ಲೀಟರ್ ಹೋಯಿತು. ಯಾಕೆ ಮೊದಲೇ ಹೇಳಲಿಲ್ಲ ಅಂದದ್ದಕ್ಕೆ, "ಬೈತೀರಿ ಅಂತ ತಿಳಿದೆ ಸರ್" ಅಂದ.

ನನಗೆ ಆ ಮಾತು ಚುಚ್ಚಿತು. ಯಾಕೆಂದರೆ ಅದಕ್ಕಿಂತ ಹಿಂದೆ, ಬೆಳಗಿನ ಗದ್ದಲದ ಹೊತ್ತಿನಲ್ಲಿ, ಇನ್ನೊಬ್ಬ ವಿದ್ಯಾರ್ಥಿ ಅದದೇ ಕೇಳಿದಾಗ ನಾನು ಸಿಡುಕಿದ್ದೆ. ಆಮೇಲೆ ಅವನು ಇಡೀ ದಾರಿ ಬೇಕಿದ್ದಕ್ಕೂ ಬಾಯಿ ತೆರೆಯಲಿಲ್ಲ. ಟವರಿನಲ್ಲಿರುವವರೂ ಮನುಷ್ಯರೇ. ಯಾರಾದರೂ ಒಂದು ಗಟ್ಟಿ ಮಾತಾಡಿದರೆ ನೀನು ಒಳಗೆ ಮುದುಡಬೇಡ. ಇಳಿದ ಮೇಲೆ ಅಳುವುದಿದ್ದರೆ ಅಳು, ಮೇಲಿದ್ದಾಗ ಮಾತ್ರ ಕೇಳುವುದನ್ನು ನಿಲ್ಲಿಸಬೇಡ.

ಮೊದಲ ಕರೆಯಲ್ಲೇ "ಸ್ಟೂಡೆಂಟ್ ಪೈಲಟ್, ಸೋಲೋ" ಅನ್ನು. ಹಾಗೆಂದ ಕೂಡಲೇ ಆ ಕಡೆಯವರ ಮಾತಿನ ವೇಗ ಇಳಿಯುತ್ತದೆ, ಸುತ್ತು ಹಾಕಿಸುವಾಗ ಸ್ವಲ್ಪ ಜಾಸ್ತಿ ಜಾಗ ಬಿಡುತ್ತಾರೆ. ನಾನಂತೂ ಅದನ್ನು ಕೇಳಿದಾಗೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ.

ಇನ್ನು ಇಂಗ್ಲಿಷ್ ಮಾತು. ಬೈಲಹೊಂಗಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು ನೀನು, ಅದೇ ನಿನ್ನ ಎದೆಬಡಿತದ ಮೂಲ. ರೇಡಿಯೋದ ಭಾಷೆ ಕಾದಂಬರಿಯ ಇಂಗ್ಲಿಷ್ ಅಲ್ಲ ತಂಗಿ. ಕೆಲವು ನೂರು ಪದ, ಅಂಕಿಗಳು, ಆಲ್ಫಾ ಬ್ರಾವೋ ಚಾರ್ಲಿ. ನಿಮಿಷಕ್ಕೆ ನೂರು ಪದ ಮೀರಬಾರದು ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ, ಅಂದರೆ ನಮ್ಮ ಜಾತ್ರೆಯ ಧ್ವನಿವರ್ಧಕದವನಿಗಿಂತ ಎಷ್ಟೋ ನಿಧಾನ. ಮುಂಬಯಿಯವರ ಹಾಗೆ ನಾಲಗೆ ತಿರುಗಿಸಲು ಹೋಗಬೇಡ. ನಿನ್ನ ಉಚ್ಚಾರ ನಿನ್ನದೇ ಇರಲಿ, ಅಂಕಿ ಮಾತ್ರ ಒಂದೊಂದಾಗಿ ಬಿಡಿಸಿ ಹೇಳು. ಆ ಕಡೆ ಕೂತವರು ಧಾರವಾಡದ ಕನ್ನಡಿಗರೇ ಎಂದು ದನಿಯಿಂದ ಗೊತ್ತಾದರೂ ಕನ್ನಡಕ್ಕೆ ಇಳಿಯಬೇಡ. ಅದೇ ತರಂಗದಲ್ಲಿ ಹೈದರಾಬಾದಿನಿಂದ ಬರುವ ಪೈಲಟ್ ಕೇಳುತ್ತಿರುತ್ತಾನೆ. ನೀನು ಎಲ್ಲಿದ್ದೀ ಅನ್ನುವುದು ಅವನಿಗೂ ತಿಳಿಯಬೇಕು.

ಗುಂಡಿ ಒತ್ತುವ ಮೊದಲು ಎರಡು ಉಸಿರು ಕಿವಿಗೊಡು, ಯಾರಾದರೂ ಮಾತಾಡುತ್ತಿದ್ದಾರೋ ನೋಡು. ಇಬ್ಬರು ಒಟ್ಟಿಗೆ ಒತ್ತಿದರೆ ಕೀರಲು ಸದ್ದು ಬಿಟ್ಟು ಇನ್ನೇನೂ ಕೇಳುವುದಿಲ್ಲ. ತೊಡೆಗೆ ಕಟ್ಟಿದ ಹಲಗೆಯ ಮೇಲಿನ ಕಾಗದದಲ್ಲಿ ಹೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೋ: ಯಾರನ್ನು ಕರೆಯುತ್ತೀ, ನೀನು ಯಾರು, ಎಲ್ಲಿದ್ದೀ, ಎಷ್ಟು ಹೊತ್ತು, ಎಷ್ಟು ಎತ್ತರ, ಮುಂದೆ ಎಲ್ಲಿಗೆ ಎಷ್ಟು ಹೊತ್ತಿಗೆ. ಹೊತ್ತೆಲ್ಲ ಯುಟಿಸಿಯಲ್ಲಿ. ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆದರೆ ಅದು, ನಮ್ಮ ಹತ್ತು ಗಂಟೆ ಅವರಿಗೆ ಝೀರೋ ಫೋರ್ ಥ್ರೀ ಝೀರೋ. ಪೆನ್ಸಿಲ್ ಎರಡು ಇರಲಿ, ಒಂದಕ್ಕೆ ದಾರ ಕಟ್ಟಿರಲಿ. ಸೀಟಿನ ಕೆಳಗೆ ಬಿದ್ದ ಪೆನ್ಸಿಲ್ ಹುಡುಕಲು ಬಗ್ಗಿದವರ ವಿಮಾನ ಎತ್ತರ ಕಳೆದುಕೊಂಡದ್ದನ್ನು ನಾನು ಟವರಿನಿಂದ ಕಣ್ಣಾರೆ ನೋಡಿದ್ದೇನೆ.

"ಹೂಂ" ಅನ್ನುವ ಅಭ್ಯಾಸಕ್ಕೆ ಮತ್ತೆ ಬರುತ್ತೇನೆ, ನನ್ನ ಮುಖ್ಯ ಮಾತು ಅಲ್ಲೇ ಇದೆ. ರೋಜರ್ ಅಂದರೆ "ನೀವು ಹೇಳಿದ್ದೆಲ್ಲ ನನಗೆ ಕೇಳಿಸಿತು" ಅಂತ ಮಾತ್ರ. ಒಪ್ಪಿದೆ ಅಂತಲೂ ಅಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಎತ್ತರ, ದಿಕ್ಕು, ರನ್‌ವೇ, ಒತ್ತಡದ ಅಂಕಿ, ಟ್ರಾನ್ಸ್‌ಪಾಂಡರ್ ಸಂಖ್ಯೆ, ಇಳಿಯುವ ಏರುವ ಅನುಮತಿ, ಇವನ್ನು ಕೇಳಿದ ಹಾಗೆಯೇ ತಿರುಗಿ ಹೇಳಬೇಕು. ಟವರಿನವನು ನಿನ್ನ ಬಾಯಿಂದ ಅದನ್ನು ಕೇಳಿ ತನ್ನ ತಪ್ಪನ್ನೂ ಹಿಡಿಯುತ್ತಾನೆ, ನಿನ್ನ ತಪ್ಪನ್ನೂ ಹಿಡಿಯುತ್ತಾನೆ. ಅರ್ಧ ಕೇಳಿಸಿದರೆ "ಸೇ ಅಗೇನ್" ಅನ್ನು. ಮೂರು ಸಲ ಬೇಕಾದರೆ ಮೂರು ಸಲ ಅನ್ನು.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಏನಾಯಿತೆಂದು ನಿಮಗೆ ತರಗತಿಯಲ್ಲಿ ಹೇಳಿರಬೇಕು. ದಿಲ್ಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಎದುರಿನಿಂದ ಇಳಿಯುತ್ತಿದ್ದ ಕಝಾಕಸ್ತಾನದ ವಿಮಾನಕ್ಕೆ 15,000 ಅಡಿ. ಆ ವಿಮಾನದಲ್ಲಿ ರೇಡಿಯೋ ಮಾತು ಆಪರೇಟರನದು, ವಿಮಾನ ನಡೆಸುವ ಕೈ ಬೇರೆಯವರದು. ಅದು 15,000ದಲ್ಲಿ ನಿಲ್ಲಲಿಲ್ಲ, ಎರಡೂ ಡಿಕ್ಕಿ ಹೊಡೆದವು. 349 ಜನ ಹೋದರು. ಆ ರಾತ್ರಿ ದೇಶದ ಯಾವ ಟವರಿನಲ್ಲೂ ಯಾರೂ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ. ನಿನ್ನ ವಿಮಾನದಲ್ಲಿ ಕೇಳುವವಳೂ ನೀನೇ, ನಡೆಸುವವಳೂ ನೀನೇ. ಬಾಯಲ್ಲಿ ತಿರುಗಿ ಹೇಳಿದ ಅಂಕಿಯನ್ನು ಕಣ್ಣಿನಿಂದ ಆಲ್ಟಿಮೀಟರಿನಲ್ಲಿ ನೋಡಿಯೇ ನಂಬು.

ನಿನ್ನ ದಾರಿಗೆ ಬರೋಣ. ಸಾಂಬ್ರಾ ಇವತ್ತಿನ ನಿಲ್ದಾಣವಲ್ಲ, 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ್ದು. ಆಗಲೂ ಅಲ್ಲಿ ತರಬೇತಿ ನಡೆಯುತ್ತಿತ್ತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ ಸೇರಿ ಐದು ಕಡೆ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿದ್ದರಿಂದ ನಿನ್ನಂಥ ಹಳ್ಳಿಯ ಹುಡುಗಿ ಊರಿನಿಂದಲೇ ಓಡಾಡಿ ಕಲಿಯುವಂತಾಯಿತು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಆಲ್ಟಿಮೀಟರ್ ತೋರಿಸುವ ಅಂಕಿ ಸಮುದ್ರದಿಂದ, ನೆಲದಿಂದಲ್ಲ, ಇದನ್ನು ಮರೆಯಬೇಡ. ಹುಬ್ಬಳ್ಳಿ ನಲವತ್ತು ನಾಟಿಕಲ್ ಮೈಲು, ನಿನ್ನ ವೇಗಕ್ಕೆ ಇಪ್ಪತ್ತೈದು ನಿಮಿಷ. ಬಲಕ್ಕೆ ಪುಣೆ-ಬೆಂಗಳೂರು ಹೆದ್ದಾರಿ ಇರುತ್ತದೆ, ಮಲಪ್ರಭೆ ಅಡ್ಡ ಸಿಗುತ್ತಾಳೆ. ಗಂಗಾಂಬಿಕೆಯ ಐಕ್ಯಮಂಟಪ ಇರುವ ಎಂ.ಕೆ. ಹುಬ್ಬಳ್ಳಿ ಅಲ್ಲೇ. ರೇಡಿಯೋದಲ್ಲಿ ಬರೀ "ಹುಬ್ಬಳ್ಳಿ" ಅಂದರೆ ನೀನು ಎರಡರಲ್ಲಿ ಯಾವುದರ ಮೇಲೆ ಇದ್ದೀ ಎಂದು ಯಾರಿಗೂ ತಿಳಿಯದು, ಆದ್ದರಿಂದ ದೂರ ಮತ್ತು ದಿಕ್ಕು ಸೇರಿಸಿ ಹೇಳು. ಕಿತ್ತೂರು ಬಲಕ್ಕೆ, ಬೈಲಹೊಂಗಲ ಎಡಕ್ಕೆ ಉಳಿಯಬೇಕು. ಕೆಳಗೆ ದೊಡ್ಡ ನೀರು ಹರಡಿ ಕಂಡರೆ ಅದು ನವಿಲುತೀರ್ಥದ ರೇಣುಕಾ ಸಾಗರ, ಎಡಕ್ಕೆ ಬಹಳ ಸರಿದು ಸವದತ್ತಿಯ ಕಡೆ ಹೋಗಿದ್ದೀ ಎಂದೇ ಅರ್ಥ. ಆಗ ನಾಚದೆ ಹೇಳು. ಉತ್ತರ ಬಾರದಿದ್ದರೆ, ಮೋಡ ಬಿಟ್ಟು, ಇನ್ನೊಂದಿಷ್ಟು ಎತ್ತರಕ್ಕೆ ಹೋಗು. ರೇಡಿಯೋ ಅಲೆ ಕಣ್ಣಿನ ನೋಟದ ಹಾಗೆ ನೇರಕ್ಕೆ ಹೋಗುವುದು, ಗುಡ್ಡದ ಮರೆಯಲ್ಲಿ ಕೇಳಿಸದು. ಆದರೂ ಆಗದಿದ್ದರೆ 121.5ಕ್ಕೆ ಹೋಗಿ ಮೂರು ಸಲ "ಪ್ಯಾನ್ ಪ್ಯಾನ್" ಅನ್ನು. ದಾರಿ ತಪ್ಪಿದ್ದಕ್ಕೆ ಅದನ್ನು ಹೇಳುವುದು ತಪ್ಪಲ್ಲ, ಆ ಪದ ಇರುವುದೇ ಅಂಥ ಹೊತ್ತಿಗೆ.

ರೇಡಿಯೋವೇ ಸತ್ತರೆ ಟ್ರಾನ್ಸ್‌ಪಾಂಡರಿಗೆ 7600 ಹಾಕಿ ಟವರಿನ ದೀಪ ನೋಡು. ಮಿಣುಕುವ ಹಸಿರು ಎಂದರೆ ಇಳಿಯಲು ಮರಳಿ ಬಾ, ಉರಿಯುತ್ತಲೇ ಇರುವ ಹಸಿರು ಎಂದರೆ ಇಳಿ. ಕೆಂಪು ನಿಂತೇ ಇದ್ದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು, ಕೆಂಪು ಮಿಣುಕಿದರೆ ಇಳಿಯಬೇಡ. ಆ ಕೈದೀಪವನ್ನು ನಾನು ತಿಂಗಳಿಗೊಮ್ಮೆ ಒರೆಸಿ ಪರೀಕ್ಷೆ ಮಾಡುತ್ತಿದ್ದೆ. ನಿಜವಾಗಿ ಬೇಕಾದದ್ದು ನನ್ನ ಇಡೀ ಸೇವೆಯಲ್ಲಿ ಎರಡೇ ಸಲ.

ಇಳಿದ ಮೇಲೂ ಕೆಲಸ ಮುಗಿಯದು, ಮುಟ್ಟಿದೆ ಎಂದು ತಿಳಿಸಬೇಕು. ನೀನು ಮುಟ್ಟಬೇಕಾದ ಹೊತ್ತು ಕಳೆದು ಮೂವತ್ತು ನಿಮಿಷವಾದರೂ ಸುದ್ದಿ ಇಲ್ಲವೆಂದರೆ ಅನಿಶ್ಚಿತ ಸ್ಥಿತಿ ಎಂದು ಘೋಷಿಸಿ ಫೋನುಗಳು ಓಡತೊಡಗುತ್ತವೆ. ಇಳಿಯಲು ಅನುಮತಿ ಪಡೆದವಳು ಐದು ನಿಮಿಷದಲ್ಲಿ ಇಳಿಯದಿದ್ದರೆ ಇನ್ನೂ ಬೇಗ. ಈ ಲೆಕ್ಕ ನಿನ್ನ ಬೆನ್ನಿಗೆ ಕಟ್ಟಿದ ಹಗ್ಗವಿದ್ದ ಹಾಗೆ. ಹವೆ ಕೆಟ್ಟು ಬೇರೆ ಕಡೆ ತಿರುಗಿದರೆ, ಹೊತ್ತು ಬದಲಾದರೆ, ಒಂದು ಮಾತು ಹೇಳು. ಹೇಳದೆ ಚಹಾ ಕುಡಿಯುತ್ತ ಕೂತವರಿಗಾಗಿ ಮಂದಿ ಹೊಲ ಹೊಲ ಹುಡುಕಿದ್ದುಂಟು.

ಮುಂದೆ ವಾಣಿಜ್ಯ ಪರವಾನಗಿಗೆ 300 ನಾಟಿಕಲ್ ಮೈಲಿಗೆ ಕಡಿಮೆ ಇಲ್ಲದ ಒಂದು ದೂರದ ಹಾರಾಟ ಬೇಕು, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ನಿಲ್ಲಬೇಕು. ನಿನ್ನ ನಕಾಶೆಯ ಮೇಲೆ ನಾನೇ ಅಳೆದೆ: ಸಾಂಬ್ರಾ, ಹುಬ್ಬಳ್ಳಿ, ಕಲಬುರಗಿ, ಮರಳಿ ಸಾಂಬ್ರಾ, ಸುಮಾರು 360 ಆಗುತ್ತದೆ. ಹುಬ್ಬಳ್ಳಿಯ ಇಪ್ಪತ್ತೈದು ನಿಮಿಷದಲ್ಲಿ ಕೇಳುವ ರೂಢಿ ಮಾಡಿಕೊಂಡರೆ ಕಲಬುರಗಿಯ ದಾರಿಯ ಬಿಸಿಲಿನಲ್ಲಿ ಅದು ತಾನಾಗಿ ಬಾಯಿಗೆ ಬರುತ್ತದೆ.

ಹತ್ತಕ್ಕೆ ಏರಿದರೆ ಹತ್ತೂ ಹತ್ತರ ಸುಮಾರಿಗೆ ನಮ್ಮೂರ ಹತ್ತಿರ ಬರುತ್ತೀ. ನಿಮ್ಮವ್ವ, ನಾನು, ಓಣಿಯ ಹುಡುಗರು ಮಾಳಿಗೆಯ ಮೇಲೆ ನಿಂತಿರುತ್ತೇವೆ. ಕೆಳಗೆ ನಮ್ಮನ್ನು ಹುಡುಕಬೇಡ, ರೆಕ್ಕೆ ಅಲುಗಿಸಬೇಡ. ಆ ಹೊತ್ತು ಸಾಂಬ್ರಾ ಬಿಟ್ಟು ಹುಬ್ಬಳ್ಳಿಯನ್ನು ಕರೆಯುವ ಹೊತ್ತು. ತರಂಗ ಬದಲಿಸು, ಎರಡು ಉಸಿರು ಕಿವಿಗೊಡು, ಗುಂಡಿ ಒತ್ತು.