ಕ್ರಿಸ್‌ಮಸ್ ಬೆಳಗು

ವಿದ್ಯಾರ್ಥಿಗಳೇ, ಮಂಗಳೂರಿನಿಂದ ಮುಂಬಯಿಗೆ ಬಂದು ನೆಲಸಿದ ಕ್ಯಾಥೊಲಿಕ್ ಕ್ರೈಸ್ತರ ಮನೆಯಲ್ಲಿ ಡಿಸೆಂಬರ್ 25ರ ಬೆಳಗು ಹೇಗಿರುವುದೆಂಬುದನ್ನು ಬಲ್ಲಿರಾ?

ಹಬ್ಬದ ಸಿದ್ಧತೆಯು ಕೆಲವು ದಿನ ಮೊದಲೇ ತೊಡಗುವುದು. ಮಕ್ಕಳು ಮನೆಯ ಮೂಲೆಯಲ್ಲಿ ‘ಗೋದಲಿ’ಯನ್ನು ಕಟ್ಟುವರು. ಯೇಸುವು ಜನಿಸಿದ ದನದ ಕೊಟ್ಟಿಗೆಯ ಪ್ರತಿರೂಪವಿದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ, ಜನರಿಗೆ ಆ ದೃಶ್ಯವನ್ನು ತೋರಿಸಿದರು. ಈ ವಾಡಿಕೆಯು ಹರಡಲು ಅದು ಕಾರಣವಾಯಿತು.

ಅಡುಗೆಮನೆಯಲ್ಲಿ ತಾಯಿಯು ‘ಕುಸ್ವಾರ್’ ಎಂಬ ತಿಂಡಿಗಳನ್ನು ಮಾಡುವಳು. ನಮ್ಮ ಕರಿಗಡುಬನ್ನು ಹೋಲುವ ನೆವ್ರಿ ಅವುಗಳಲ್ಲೊಂದು. ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕ ಹಿಡಿಸಿದರೆ ಕಿಡಿಯೊ. ಸುರುಳಿ ಸುತ್ತುವುದು ಮಕ್ಕಳ ಪಾಲಿನ ಕೆಲಸ.

ನಡುರಾತ್ರಿಯ ಪೂಜೆಗೆ ಹೋಗಿಬಂದ ಮಕ್ಕಳು ಬೆಳಗ್ಗೆ ಕಣ್ಣುಜ್ಜುತ್ತ ಗೋದಲಿಯ ಬಳಿಗೆ ಓಡುವರು. ಹುಲ್ಲಿನ ಮೇಲೆ ಶಿಶುವಿನ ಮೂರ್ತಿಯಿರುವುದು. ಬಳಿಕ ನೆರೆಮನೆಗಳಿಗೆ ಕುಸ್ವಾರಿನ ತಟ್ಟೆಗಳು ಹೊರಡುವುವು.

ಒಂದು ವರ್ಷ ನಮ್ಮ ನೆರೆಮನೆಯ ಐದು ವರ್ಷದ ಬಾಲಕನು ತಾನು ಸುತ್ತಿದ ಕಿಡಿಯೊಗಳನ್ನು ಯಾರಿಗೂ ಕೊಡೆನೆಂದು ಅತ್ತನು. ತಾಯಿಯು ಗದರಲಿಲ್ಲ, ಅವನ ಕೈಗೇ ತಟ್ಟೆಯನ್ನಿತ್ತು ಕಳುಹಿದಳು. ನಾನು ಒಂದನ್ನು ಬಾಯಿಗಿಡುವವರೆಗೂ ಅವನು ಬಾಗಿಲಲ್ಲೇ ನಿಂತು ನೋಡಿದನು. “ಬಹಳ ರುಚಿಯಾಗಿದೆ” ಎಂದೊಡನೆ ಅವನ ಮುಖವರಳಿತು. ಮತ್ತೊಂದು ತಟ್ಟೆ ತರಲು ಮನೆಗೆ ಓಡಿದನು.

ಕೈಯಾರೆ ಮಾಡಿದುದನ್ನು ಕೈಯಾರೆ ಕೊಡುವ ಸುಖವನ್ನು ಅವನು ಅಂದು ಕಲಿತನು. ಮುಂದಿನ ದೀಪಾವಳಿಯಲ್ಲಿ ನಿಮ್ಮ ಮನೆಯ ಚಕ್ಕುಲಿಯ ತಟ್ಟೆಯನ್ನು ನೆರೆಮನೆಗೆ ನೀವೇ ಒಯ್ಯಿರಿ.