ತಪ್ಪಿಹೋದೀತೆಂಬ ಅಂಜಿಕೆ

ಭಯವು ನೋಕಷಾಯಗಳಲ್ಲೊಂದು, ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂದು ಶಾಸ್ತ್ರವು ಹೇಳುತ್ತದೆ. ಹೀಗಿರಲು ಅಂಜಿಕೆಯಿಂದ ಒಳಿತುಂಟೇ ಎಂಬ ಸಂದೇಹವು ಸಹಜ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಇದಕ್ಕೆ ಸಮಾಧಾನವಿದೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ 16 ಭಾವನೆಗಳಲ್ಲಿ ‘ಸಂವೇಗ’ವೂ ಒಂದು. ಸಂಸಾರದುಃಖಕ್ಕೆ ಸದಾ ಅಂಜುವುದೇ ಸಂವೇಗವೆಂದು ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ‘ಆವಶ್ಯಕಾಪರಿಹಾಣಿ’, ಅಂದರೆ ನಿತ್ಯಕರ್ತವ್ಯಗಳನ್ನು ಆಯಾ ಕಾಲದಲ್ಲಿ ಬಿಡದೆ ನಡೆಸುವುದು, ಅದೇ ಸಾಲಿನಲ್ಲಿದೆ. ಮೊದಲನೆಯದು ಅಂಜಿಕೆ; ಎರಡನೆಯದು ಅದರ ಸತ್ಫಲವೆನ್ನಬಹುದು.

ಮಲೆಬೆನ್ನೂರು ಸೀಮೆಯ ರೈತನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಭದ್ರಾ ನಾಲೆಯ ನೀರಿನ ಸರದಿ ನಡುರಾತ್ರಿ ಬಂದರೂ ಆತನು ಬದುವಿನ ಮೇಲೆ ಎಚ್ಚತ್ತಿರುತ್ತಾನೆ. ಅದು ನೆರೆಯವನ ಗದ್ದೆಯ ಮೇಲಣ ಮತ್ಸರವಲ್ಲ, ತನ್ನ ಭತ್ತದ ಪೈರಿನ ಚಿಂತೆ.

ಶ್ರಾವಕನ ಅಂಜಿಕೆಯೂ ಹೀಗಿರತಕ್ಕದ್ದು. ಮೊಬೈಲಿನಲ್ಲಿ ಪರರ ಸಂಭ್ರಮವನ್ನು ಕಂಡು ತನಗೆ ತಪ್ಪಿತೆಂದು ಕೊರಗುವುದು ಲೋಭ. ದಶಲಕ್ಷಣ ಪರ್ವದಲ್ಲಿ ಪಕ್ಕದ ಮನೆಯವರು ಹತ್ತು ಉಪವಾಸ ಮಾಡಿದರೆಂದು, ಅವರಿಗಿಂತ ಹಿಂದೆ ಬೀಳಬಾರದೆಂದು ತಾನೂ ಹಟ ತೊಡುವುದು ಮಾನಕಷಾಯ. ಸೂತ್ರಕಾರರು ತ್ಯಾಗ, ತಪಗಳನ್ನು ‘ಶಕ್ತಿಗೆ ತಕ್ಕಂತೆ’ ಎಂದೇ ಹೇಳಿದ್ದಾರೆ. ಉಪವಾಸ ಕೂಡದವರಿಗೆ ಏಕಾಶನವುಂಟು, ರಸಪರಿತ್ಯಾಗವುಂಟು. ಅದೂ ಕೂಡದ ರೋಗಿಗೆ ಸ್ವಾಧ್ಯಾಯವುಂಟು. ಪರ್ವವು ಬರಿದೇ ಕಳೆದೀತೆಂಬ ಅಂಜಿಕೆ ಇಷ್ಟನ್ನು ಮಾಡಿಸಿದರೆ ಸಾರ್ಥಕ.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವು 1981, 1993, 2006 ಮತ್ತು 2018ರಲ್ಲಿ ನಡೆಯಿತು. ತಪ್ಪಿದರೆ ಮತ್ತೆ ಹನ್ನೆರಡು ವರ್ಷ ಕಾಯಬೇಕಲ್ಲಾ ಎಂದು ಮನೆಮಂದಿಯೆಲ್ಲ ಹೊರಡುತ್ತೇವೆ. ಅದು ಸರಿಯೇ. ಆದರೆ ಅಷ್ಟಮಿ, ಚತುರ್ದಶಿಗಳು ತಿಂಗಳಿಗೆ 4 ಬಾರಿ ಬರುತ್ತವೆ. ಸಾಮಾಯಿಕದ ಎರಡು ಘಳಿಗೆ ದಿನದಿನವೂ ಬರುತ್ತದೆ. ಮತ್ತೆ ಬಂದೀತೆಂಬ ಧೈರ್ಯದಿಂದಲೇ ಇವು ನಮಗೆ ತಪ್ಪಿಹೋಗುತ್ತವೆ! ತಿಥಿ ಮರಳಿ ಬರುವುದು ನಿಜ. ಅದನ್ನಾಚರಿಸಲು ನಾವಿರುವೆವೆಂಬ ಭರವಸೆ ಎಲ್ಲಿದೆ? ಮನುಷ್ಯಜನ್ಮ, ಆರೋಗ್ಯ, ಧರ್ಮಶ್ರವಣ ಇವು ಒಟ್ಟಿಗೆ ಕೂಡಿಬರುವುದೇ ದುರ್ಲಭ. ಬೋಧಿದುರ್ಲಭಾನುಪ್ರೇಕ್ಷೆಯು ಚಿಂತಿಸಹೇಳುವುದು ಇದನ್ನೇ.

ಆದುದರಿಂದ ಧರ್ಮಬಂಧುಗಳು ರಾತ್ರಿ ಮಲಗುವ ಮುನ್ನ ಮನೆಯವರೊಡನೆ ಕುಳಿತು, ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಈ ಷಟ್ಕರ್ಮಗಳಲ್ಲಿ ಇಂದು ಯಾವುದು ತಪ್ಪಿತೆಂದು ವಿಚಾರಿಸಿಕೊಳ್ಳಬೇಕು. ನೆರೆಮನೆಯ ಲೆಕ್ಕ ಬೇಡ. ತಪ್ಪಿದ್ದನ್ನು ನಾಳೆ ಮೊದಲು ಮಾಡುವ ನಿಯಮವನ್ನು ತೊಡಬೇಕು. ಆಗ ಅಂಜಿಕೆಯು ಕಳವಳವಾಗಿ ಉಳಿಯದೆ ವ್ರತಕ್ಕೆ ಕಾವಲಾಗುವುದು.