ಕಡಲ ನಡುವೆ ಕರುಣೆ

ಶತ್ರುವನ್ನು ಎದುರಿಸಿ ಗೆಲ್ಲುವುದಕ್ಕೆ ಧೈರ್ಯ ಬೇಕು. ಸೋತು ನೀರಿಗೆ ಬಿದ್ದ ಶತ್ರುವನ್ನು ಕೈಹಿಡಿದು ಮೇಲೆತ್ತುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನೌಕಾಧಿಕಾರಿ ವೆರ್ನರ್ ಹಾರ್ಟೆನ್‌ಸ್ಟೈನನು ಅಂತಹ ಧೈರ್ಯವನ್ನು ತೋರಿದನು.

1942ನೆಯ ಇಸವಿ ಸೆಪ್ಟೆಂಬರ್ 12ರ ರಾತ್ರಿ. ಆಫ್ರಿಕದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ 'ಲಕೋನಿಯ' ಎಂಬ ಹಡಗು ಸಾಗುತ್ತಿದ್ದಿತು. ಹಾರ್ಟೆನ್‌ಸ್ಟೈನನ 'ಯು-156' ಜಲಾಂತರ್ಗಾಮಿಯು ಅದರ ಮೇಲೆ ಟಾರ್ಪೆಡೊಗಳನ್ನು ಪ್ರಯೋಗಿಸಿತು. ಹಡಗು ಮುಳುಗತೊಡಗಿತು. ಆಗ ಕತ್ತಲೆಯೊಳಗಿಂದ ಇಟಲಿಯ ಭಾಷೆಯಲ್ಲಿ ಆರ್ತನಾದ ಕೇಳಿಬಂದಿತು. ಹಡಗಿನಲ್ಲಿದ್ದ ಸುಮಾರು 2,700 ಮಂದಿಯಲ್ಲಿ ಸುಮಾರು 1,800 ಮಂದಿ ಇಟಲಿಯ ಯುದ್ಧಕೈದಿಗಳು, ಜರ್ಮನಿಯ ಮಿತ್ರರಾಷ್ಟ್ರದವರು. ಉಳಿದವರಲ್ಲಿ ಬ್ರಿಟಿಷ್ ಸೈನಿಕರೂ ಹೆಂಗಸರೂ ಮಕ್ಕಳೂ ಇದ್ದರು.

ಹಾರ್ಟೆನ್‌ಸ್ಟೈನನು ಒಡನೆಯೇ ರಕ್ಷಣೆಗೆ ತೊಡಗಿದನು. ಮಿತ್ರರು, ಶತ್ರುಗಳು ಎಂಬ ಭೇದವೆಣಿಸದೆ ಸುಮಾರು 200 ಮಂದಿಯನ್ನು ತನ್ನ ನೌಕೆಗೆ ಹತ್ತಿಸಿಕೊಂಡನು. ಜನರಿಂದ ತುಂಬಿದ ನಾಲ್ಕು ದೋಣಿಗಳನ್ನು ಹಗ್ಗದಿಂದ ಬಿಗಿಸಿ ಎಳೆದೊಯ್ದನು. ಜಲಾಂತರ್ಗಾಮಿಗೆ ನೀರಿನಡಿಯ ಮರೆಯೇ ರಕ್ಷೆ. ಮೇಲೆ ಜನರಿರುವಾಗ ಅದು ಮುಳುಗುವಂತಿಲ್ಲ. ಆ ರಕ್ಷೆಯನ್ನು ಅವನು ತಾನಾಗಿಯೇ ತ್ಯಜಿಸಿದನು. ಅಷ್ಟೇ ಅಲ್ಲ, ತಾನಿರುವ ಸ್ಥಳವನ್ನು ರೇಡಿಯೊ ಮೂಲಕ ಇಂಗ್ಲಿಷಿನಲ್ಲಿ ಸಾರಿದನು; ತನ್ನ ಮೇಲೆ ದಾಳಿ ನಡೆಯದಿದ್ದರೆ, ನೆರವಿಗೆ ಬರುವ ಯಾವ ಹಡಗಿನ ಮೇಲೂ ತಾನು ಕೈಮಾಡುವುದಿಲ್ಲವೆಂದು ವಚನವಿತ್ತನು. ಜರ್ಮನಿಯ ಎರಡು ಹಾಗೂ ಇಟಲಿಯ ಒಂದು ಜಲಾಂತರ್ಗಾಮಿಗಳು ನೆರವಿಗೆ ಬಂದವು.

ಸೆಪ್ಟೆಂಬರ್ 16ರಂದು ಅಮೆರಿಕದ ಬಾಂಬರ್ ವಿಮಾನವೊಂದು ಕಾಣಿಸಿಕೊಂಡಿತು. ಹಾರ್ಟೆನ್‌ಸ್ಟೈನನು ರೆಡ್‌ಕ್ರಾಸ್ ಧ್ವಜವನ್ನು ಹರಡಿಸಿದನು. ಆದರೂ ವಿಮಾನವು ಮೇಲಧಿಕಾರಿಯ ಆಜ್ಞೆಯಂತೆ ಬಾಂಬುಗಳನ್ನು ಹಾಕಿತು. ಒಂದು ಬಾಂಬು ದೋಣಿಗಳ ನಡುವೆಯೇ ಬಿದ್ದಿತು. ನೌಕೆಗೂ ಪೆಟ್ಟಾಯಿತು. ತನ್ನ ನಾವಿಕರನ್ನು ಉಳಿಸಿಕೊಳ್ಳಲು ಅವನು ಹಗ್ಗವನ್ನು ಕತ್ತರಿಸಿ, ಆಶ್ರಯ ಪಡೆದವರನ್ನು ಮತ್ತೆ ಕಡಲಿಗಿಳಿಸಿ, ನೀರಿನಡಿಗೆ ಸರಿಯಬೇಕಾಯಿತು. ಮುಳುಗಿದ ಹಡಗುಗಳ ಜನರನ್ನು ಇನ್ನು ಮುಂದೆ ರಕ್ಷಿಸಕೂಡದೆಂದು ಜರ್ಮನಿಯ ಜಲಾಂತರ್ಗಾಮಿಗಳ ದಳಪತಿ ಡೋನಿಟ್ಸ್ ಮರುದಿನವೇ ಆಜ್ಞಾಪಿಸಿದನು.

ಬದುಕುಳಿದವರಲ್ಲಿ ಬಹುಮಂದಿಯನ್ನು ಫ್ರಾನ್ಸಿನ ಹಡಗುಗಳು ದಡ ಸೇರಿಸಿದವು. ಒಟ್ಟು ಸುಮಾರು 1,100 ಮಂದಿಯ ಪ್ರಾಣ ಉಳಿಯಿತು. ಹಾರ್ಟೆನ್‌ಸ್ಟೈನನು ಹೆಚ್ಚು ಕಾಲ ಬದುಕಲಿಲ್ಲ. 1943ರ ಮಾರ್ಚ್ 8ರಂದು ಬಾರ್ಬಡೋಸ್ ದ್ವೀಪದ ಪೂರ್ವಕ್ಕೆ ಅಮೆರಿಕದ ವಿಮಾನವೊಂದು ಯು-156ನ್ನು ಮುಳುಗಿಸಿತು. ಅದರಲ್ಲಿದ್ದ ಒಬ್ಬನೂ ಉಳಿಯಲಿಲ್ಲ.

ಹಡಗನ್ನು ಮುಳುಗಿಸಿದವನೂ ಹಾರ್ಟೆನ್‌ಸ್ಟೈನನೇ. ಮುಳುಗುತ್ತಿದ್ದವರನ್ನು ಮೇಲೆತ್ತಿದವನೂ ಅವನೇ. ಮೊದಲನೆಯದು ಯುದ್ಧವು ವಿಧಿಸಿದ ಕೆಲಸ. ಎರಡನೆಯದು ಅವನ ಅಂತಃಕರಣವು ಮಾಡಿಸಿದ ಕೆಲಸ.